ಅಟ್ಟದ ಮೇಲಿನ ಮೊಣಕೈ

ಮನುಷ್ಯನ ಮೈಯಲ್ಲಿ ಮೊಣಕೈಯಷ್ಟು ಅನಾಥವಾದ ಅಂಗ ಇನ್ನೊಂದಿಲ್ಲ ಎಂದು ನನ್ನ ನಂಬಿಕೆ. ಕಣ್ಣು, ಮೂಗು, ಕತ್ತು, ನಡು, ಕೊನೆಗೆ ಕಾಲಿನ ಕಿರುಬೆರಳನ್ನೂ ಯಾರಾದರೂ ಒಬ್ಬರು ಹೊಗಳಿರುತ್ತಾರೆ. "ನಿನ್ನ ಮೊಣಕೈ ಎಷ್ಟು ಚೆನ್ನಾಗಿದೆ" ಎಂದು ಮದುವೆಯ ಹೊಸತರಲ್ಲಿ ಕೂಡ ಯಾರೂ ಯಾರಿಗೂ ಹೇಳಿದ್ದನ್ನು ನಾನು ಕೇಳಿಲ್ಲ. ಹೊಗಳುವುದು ಹಾಗಿರಲಿ, ಅದರ ಯಜಮಾನನೇ ಅದನ್ನು ಸರಿಯಾಗಿ ನೋಡಿರುವುದಿಲ್ಲ. ಕನ್ನಡಿ ಬೇಕು, ಕೈ ತಿರುಚಬೇಕು, ಕತ್ತು ಉಳುಕಿಸಿಕೊಳ್ಳಬೇಕು. ಅದು ನಮ್ಮ ಬೆನ್ನ ಹಿಂದೆ ಬದುಕುವ ಅಂಗ. ಬೆನ್ನ ಹಿಂದೆ ಬದುಕುವವರ ವಿಷಯದಲ್ಲಿ ಸ್ವಲ್ಪ ಹುಷಾರಾಗಿರಬೇಕು ಎಂಬುದು ನನಗೆ ಗೊತ್ತಾದದ್ದು ಅದು ಮುರಿದ ಮೇಲೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ದಬ್ಬೇಘಟ್ಟದ ಹತ್ತಿರದ ಒಂದು ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು. ಪಗಾರಕ್ಕೆ ಡ್ರಿಲ್ಲು, ಪ್ರಾಣಕ್ಕೆ ವಾಲಿಬಾಲು. ನಮ್ಮ ತಾಲ್ಲೂಕು ತಂಡದಲ್ಲಿ ನೆಟ್ಟಿನ ಮೇಲಕ್ಕೆ ಹಾರಿ ಚೆಂಡನ್ನು ಹೊಡೆಯುವವನು ನಾನು. ನನಗೆ ಆ ಚೆಂಡನ್ನು ಎತ್ತಿಕೊಡುವವನು ಬಾಷಾ. ಬಾಷಾ ತುರುವೇಕೆರೆಯಲ್ಲಿ ಲಾರಿ ರಿಪೇರಿ ಮಾಡುವ ಮೆಕ್ಯಾನಿಕ್. ಗ್ರೀಸು ಮೆತ್ತಿದ ಅವನ ಬೆರಳುಗಳಿಂದ ಚೆಂಡು ಎಷ್ಟು ಮೆತ್ತಗೆ ಮೇಲೇಳುತ್ತಿತ್ತೆಂದರೆ, ಗಾಳಿಯಲ್ಲಿ ಒಂದು ಗಳಿಗೆ ನಿಂತು ನನಗಾಗಿ ಕಾಯುತ್ತಿತ್ತು. ನಾನು ಹೋಗಿ ಹೊಡೆದರೆ ಎದುರಿನವರು ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು. ಇದು ಜಂಬವಲ್ಲ. ಜಂಬವೇ ಇರಬಹುದು, ಆದರೆ ಸುಳ್ಳಲ್ಲ.

ನೊಣವಿನಕೆರೆಯಲ್ಲಿ ಆಟ. ಬಾಷಾ ಎತ್ತಿದ, ನಾನು ಹಾರಿದೆ, ಹೊಡೆದೆ. ಇಳಿಯುವಾಗ ಎದುರು ತಂಡದವನೊಬ್ಬನ ಪಾದ ನೆಟ್ಟಿನ ಕೆಳಗೆ ತೂರಿ ಬಂದಿತ್ತು, ಅದರ ಮೇಲೆ ಕಾಲಿಟ್ಟು ವಾಲಿದೆ, ನೆಲಕ್ಕೆ ಬಲಗೈ ಊರಿದೆ. 'ಟಕ್' ಎಂದಿತು. ಎಷ್ಟು ಜೋರಾಗಿ ಎಂದರೆ, ಸುತ್ತ ನಿಂತಿದ್ದ ಜನವೆಲ್ಲ ತಲೆಯೆತ್ತಿ ತೆಂಗಿನ ಮರಗಳ ಕಡೆ ನೋಡಿದರು. ನಮ್ಮ ಸೀಮೆಯಲ್ಲಿ ಏನಾದರೂ ಟಕ್ ಎಂದರೆ ಜನ ಮೊದಲು ಮೇಲಕ್ಕೆ ನೋಡುತ್ತಾರೆ, ಆಮೇಲೆ ಒಂದು ಹೆಜ್ಜೆ ಹಿಂದಕ್ಕೆ ಹೋಗುತ್ತಾರೆ. ನನ್ನನ್ನು ನೋಡಿದವನು ಬಾಷಾ ಒಬ್ಬನೇ.

ತಿಪಟೂರಿನ ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಕಪ್ಪು ನೀರಿನಲ್ಲಿ ಮುಳುಗಿದ ಹಾಗೆ ಒಂದು ಬಿಳಿಯ ಮೂಳೆ. ಅದು ನನ್ನದೇ ಎಂದು ಅವರು ಹೇಳಿದ ಮೇಲೂ ನನಗೆ ನಂಬಿಕೆ ಬರಲಿಲ್ಲ. "ನೋಡಪ್ಪ, ಇಲ್ಲೊಂದು ಬಿರುಕು. ಮೂಳೆ ಚೂರು ಜಾಗ ಬಿಟ್ಟು ಕದಲಿಲ್ಲ, ಅದು ನಿನ್ನ ಪುಣ್ಯ. ಕೊಯ್ಯೋ ಅಗತ್ಯ ಇಲ್ಲ. ಮೂರು ವಾರ ಪ್ಲಾಸ್ಟರ್. ಆಮೇಲೆ ಬಿಚ್ಚಿಸ್ಕೊಂಡು ನಿನ್ನ ಕೈನ ನೀನೇ ದಿನಾ ಸ್ವಲ್ಪ ಸ್ವಲ್ಪ ಮಡಿಸಿ ಬಿಡಿಸಬೇಕು. ಎಣ್ಣೆ ಹಚ್ಚಿ ತೀಡಿಸೋದು, ಯಾರ ಕೈಲಾದ್ರೂ ಎಳೆಸೋದು ಮಾಡಿದ್ಯೋ, ಕೈ ಹಾಳಾಗುತ್ತೆ. ಹೆಚ್ಚು ದಿನ ಕಟ್ಟಿಟ್ಟರೂ ಅಷ್ಟೇ, ಕೀಲು ಕಚ್ಚಿಕೊಂಡು ಸೊಟ್ಟಗೇ ನಿಂತುಬಿಡುತ್ತೆ" ಎಂದರು. ಬಾಗಿಲ ತನಕ ಬಂದಾಗ ಮತ್ತೆ ಕರೆದು, "ಒಳಗೆ ಏನಾದ್ರೂ ಅಲ್ಲಾಡಿದ ಹಾಗೆ, ಕಟಕ್ ಅಂದ ಹಾಗೆ ಆದ್ರೆ ತಕ್ಷಣ ಬಾ. ಚೂರು ಕದಲಿದ್ರೆ ಬೆಂಗಳೂರಿಗೆ ಕಳಿಸಿ ಆಪರೇಷನ್ನೇ ಮಾಡಿಸಬೇಕು. ಆಮೇಲೆ ನಿನ್ನ ಆಟ ದೇವರ ಕೈಲಿ" ಎಂದರು. ಆ ಕೊನೆಯ ಮಾತನ್ನು ಅವರು ಹೇಳದಿದ್ದರೆ ನನ್ನ ಮುಂದಿನ ಕಥೆಯೇ ಬೇರೆಯಾಗುತ್ತಿತ್ತು.

ನಮ್ಮ ಮನೆಯಲ್ಲಿ ಆಗ ಇದ್ದವರು ಮೂವರು. ನಾನು, ನನ್ನ ಹೆಂಡತಿ ಗಿರಿಜೆ, ನನ್ನನ್ನು ಸಾಕಿದ ದೊಡ್ಡಪ್ಪ. ದೊಡ್ಡಪ್ಪನ ಕಿವಿ ನಮ್ಮ ಹೋಬಳಿಗೆಲ್ಲ ಹೆಸರುವಾಸಿ. ಕೊಬ್ಬರಿ ಮಾಡುವುದು ಹೇಗೆಂದು ಹೊರಗಿನವರಿಗೆ ಒಂದು ಮಾತು ಹೇಳಬೇಕು: ಬಲಿತ ತೆಂಗಿನಕಾಯನ್ನು ಸುಲಿಯದೆ ಹಾಗೇ ಅಟ್ಟಕ್ಕೆ ಹಾಕುತ್ತೇವೆ. ತಿಂಗಳುಗಟ್ಟಲೆ ಅದು ಅಲ್ಲೇ ಕೂತಿರುತ್ತದೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು ಗಿಟುಕಾಗುತ್ತದೆ. ಆಗ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಗಿಟಕ್ ಗಿಟಕ್ ಎನ್ನುತ್ತದೆ. ಅದು ಆ ಸದ್ದು ಮಾಡುವ ತನಕ ಇಳಿಸುವಂತಿಲ್ಲ. ಆತುರಪಟ್ಟು ಒಡೆದರೆ ಒಳಗೆ ಹಸಿ, ಕೊಬ್ಬರಿ ಕೆಟ್ಟಿತು. ದೊಡ್ಡಪ್ಪ ಕಣ್ಣು ಮುಚ್ಚಿಕೊಂಡು ಒಂದು ಸಲ ಅಲ್ಲಾಡಿಸಿ "ಆಗೈತೆ" ಎಂದರೆ ಆಗಿದೆ, "ಇನ್ನೂ ನೀರೈತೆ" ಎಂದರೆ ಮತ್ತೆ ಅಟ್ಟಕ್ಕೆ. ಅದಕ್ಕೆ ಮೇಲ್ಮನವಿ ಇರಲಿಲ್ಲ.

ಇಂಥ ಊರಿನಲ್ಲಿ ಗಟ್ಟಿ ಚಿಪ್ಪಿನೊಳಗೆ ಇಟ್ಟ ಕೈಯನ್ನು ತೆಗೆದುಕೊಂಡು ಹೋದರೆ ಏನಾಗುತ್ತದೆ ಎಂದು ನಾನು ಮೊದಲೇ ಯೋಚಿಸಬೇಕಿತ್ತು. ನೋಡಲು ಬಂದವರೆಲ್ಲ "ಅಯ್ಯೋ ಪಾಪ" ಎನ್ನುತ್ತ ಪಕ್ಕದಲ್ಲಿ ಕೂತು, ಮಾತಿನ ನಡುವೆ ಮೆಲ್ಲನೆ ನನ್ನ ಪ್ಲಾಸ್ಟರನ್ನು ಎತ್ತಿ, ಕಿವಿಗೆ ಹಿಡಿದು, ಒಂದು ಸಲ ಅಲ್ಲಾಡಿಸಿ ನೋಡುತ್ತಿದ್ದರು. ಅವರಿಗೆ ತಾವು ಹಾಗೆ ಮಾಡುತ್ತಿದ್ದೇವೆಂದೇ ಗೊತ್ತಾಗುತ್ತಿರಲಿಲ್ಲ, ಕೈ ಅಭ್ಯಾಸ. ನನಗೆ ಜೀವ ಬಾಯಿಗೆ ಬರುತ್ತಿತ್ತು. ದೊಡ್ಡಪ್ಪನಂತೂ ಗೊತ್ತಿದ್ದೇ ಮಾಡುತ್ತಿದ್ದ. ಸಂಜೆ ತೋಟದಿಂದ ಬಂದು, ಕೈಕಾಲು ತೊಳೆದು, ವಿಭೂತಿ ಇಟ್ಟುಕೊಂಡು, ತಲೆಯ ಟವೆಲ್ಲು ತೆಗೆದು ಪಕ್ಕಕ್ಕಿಟ್ಟು ನನ್ನ ಕೈಗೆ ಕಿವಿ ಕೊಡುತ್ತಿದ್ದ. ಗಿರಿಜೆ ಒಲೆಯ ಮುಂದೆ ಊದುಗೊಳವೆ ಕೆಳಗಿಟ್ಟು ಕಾಯುತ್ತಿದ್ದಳು.

"ಇನ್ನೂ ನೀರೈತೆ ಕಣ್ಲಾ" ಎನ್ನುತ್ತಿದ್ದ ದೊಡ್ಡಪ್ಪ.

"ದೊಡ್ಡಪ್ಪ, ಇದು ಮೂಳೆ. ಇದ್ರಲ್ಲಿ ನೀರೆಲ್ಲಿರುತ್ತೆ?"

"ಒಣಗೋದು ಒಣಗೋದೇ ಬುಡ್ಲಾ. ನಿಂಗೊತ್ತಾಗಾಕಿಲ್ಲ. ಗಿಟಕ್ ಅನ್ಲಿ, ಆಮ್ಯಾಕೆ ಬಿಚ್ಚಿಸಾನ."

ಈಗ ನನ್ನ ಪರಿಸ್ಥಿತಿ ನೋಡಿ. ಒಳಗಿಂದ ಸದ್ದು ಬಂದರೆ ಮೂಳೆಯ ಚೂರು ಕದಲಿತು, ಬೆಂಗಳೂರು, ಕತ್ತರಿ, ಆಟ ಮುಗಿಯಿತು ಎಂದು ಡಾಕ್ಟರು. ಸದ್ದು ಬರುವ ತನಕ ಬಿಚ್ಚಕೂಡದು ಎಂದು ದೊಡ್ಡಪ್ಪ. ಊರೆಲ್ಲ ಯಾವ ಸದ್ದಿಗಾಗಿ ಹರಕೆ ಹೊತ್ತಂತೆ ಕಾಯುತ್ತಿತ್ತೋ ಅದೇ ಸದ್ದು ಬಾರದಿರಲಿ ಎಂದು ನಾನು ಶಿವನನ್ನು ಬೇಡಿಕೊಳ್ಳುತ್ತಿದ್ದೆ. ಆದರೆ ಯಾರಿಗೂ ಹೇಳದ ಒಂದು ವಿಷಯವಿತ್ತು. ಆ ಸದ್ದು ಆಗಲೇ ಬಂದಿತ್ತು.

ಮೊದಲನೆಯ ವಾರದಲ್ಲೇ ಬಂದಿತ್ತು. ಬಿಸಿಲು ಏರಿದ ಮಧ್ಯಾಹ್ನ, ಮನೆಯವರೆಲ್ಲ ತೋಟದಲ್ಲಿ. ನಾನು ನಡುಮನೆಯಲ್ಲಿ ಅಟ್ಟದ ಕೆಳಗೆ ಮಲಗಿದ್ದೆ. ಹಲಗೆಗಳ ಸಂದಿನಲ್ಲಿ ಕಾಯಿಗಳ ಬುಡಗಳು ಕಾಣುತ್ತಿದ್ದವು, ಸಾಲಾಗಿ, ತಲೆಗಳನ್ನು ಜೋಡಿಸಿಟ್ಟ ಹಾಗೆ. ಮೇಲೆಲ್ಲೋ 'ಟಿಕ್' ಎಂದಿತು. ಬಿಸಿಲಿಗೆ ಒಂದು ಕಾಯಿ ಚಿಪ್ಪು ಬಿಡುತ್ತಿರಬೇಕು, ಅದು ಹುಟ್ಟಿದಾಗಿನಿಂದ ಕೇಳಿದ ಸದ್ದೇ. ಆದರೆ ಒಂದು ಕ್ಷಣ ಬಿಟ್ಟು ನನ್ನ ಪ್ಲಾಸ್ಟರಿನ ಒಳಗೆ 'ಟಿಕ್' ಎಂದಿತು. ನಾನು ಉಸಿರು ಹಿಡಿದೆ. ಮೇಲೆ ಮತ್ತೆ ಟಿಕ್. ಕೈಯಲ್ಲಿ ಟಿಕ್. ಒಬ್ಬರು ಕರೆದು ಇನ್ನೊಬ್ಬರು ಓಗೊಟ್ಟ ಹಾಗೆ. ನಾನು ಎದ್ದು ಅಂಗಳಕ್ಕೆ ಓಡಿದೆ. ಎಮ್ಮೆ ಒಂದು ಸಲ ನನ್ನನ್ನು ನೋಡಿ ಮೆಲುಕು ಮುಂದುವರಿಸಿತು. ಡ್ರಿಲ್ ಮೇಷ್ಟ್ರು ಹಾಡುಹಗಲಲ್ಲಿ ತೆಂಗಿನಕಾಯಿಗೆ ಹೆದರಿ ಓಡಿದ ಎಂದರೆ ನಾಳೆ ನಾನು ಸೀಟಿ ಊದಿದರೆ ಮಕ್ಕಳು ಸಾಲಾಗಿ ನಿಲ್ಲುತ್ತಾರೆಯೇ? ಅದಕ್ಕೇ ಯಾರಿಗೂ ಹೇಳಲಿಲ್ಲ.

ಇನ್ನೊಂದು ಉಪದ್ರವ ಗೋಡೆಯ ಮೇಲಿತ್ತು. ನನ್ನ ಅಜ್ಜನ ಫೋಟೊ. ಅಜ್ಜ ಆ ಕಾಲದ ಕುಸ್ತಿ ಪೈಲ್ವಾನ, ನಾನು ಹುಟ್ಟುವ ಮೊದಲೇ ತೀರಿಕೊಂಡವನು. ಅಖಾಡದಲ್ಲಿ ಮೊಣಕೈ ಮುರಿದಾಗ ಬಿದಿರಿನ ಸೀಳು ಇಟ್ಟು ಕಟ್ಟಿ, ಮನೆಯವರು ಕಾಯಿಯ ಲೆಕ್ಕಾಚಾರದಲ್ಲೇ ಮಾಗಲಿ, ಮಾಗಲಿ ಎಂದು ಮುಂದಿನ ಹಬ್ಬದ ತನಕ ಬಿಚ್ಚಲೇ ಇಲ್ಲವಂತೆ. ಬಿಚ್ಚಿದಾಗ ಕೈ ಮಡಿಸಿದ ಹಾಗೇ ನಿಂತಿತ್ತು. ಅಜ್ಜ ಮತ್ತೆ ಅಖಾಡಕ್ಕೆ ಇಳಿಯಲಿಲ್ಲ. ಫೋಟೊದಲ್ಲಿ ಅವನ ಬಲಗೈ ಎದೆಯ ಮುಂದೆ ಸೊಟ್ಟಗೆ ನಿಂತಿದೆ, ಯಾರನ್ನೋ ಹತ್ತಿರ ಬಾ ಎಂದು ಕರೆಯುವ ಹಾಗೆ. ಚಿಕ್ಕಂದಿನಿಂದ ನೋಡಿದ ಫೋಟೊ. ಆದರೆ ನನ್ನ ಕೈ ಕತ್ತಿಗೆ ಕಟ್ಟಿದ ಬಟ್ಟೆಯ ಜೋಳಿಗೆಗೆ ಬಿದ್ದ ಮೇಲೆ ಅಜ್ಜ ನನ್ನನ್ನು ನೋಡುವ ರೀತಿ ಬದಲಾಗಿತ್ತು. ಇಷ್ಟು ವರ್ಷ ಮನೆಯ ಮಗನನ್ನು ನೋಡುತ್ತಿದ್ದವನು ಈಗ ಜೊತೆಗಾರನನ್ನು ನೋಡುತ್ತಿದ್ದ.

ಡಾಕ್ಟರು ಹೇಳಿದ ವಾರ ಬಂತು, ಹೋಯಿತು. ಗಿರಿಜೆ ಬಸ್ಸಿಗೆ ಹೊರಡೋಣವೆಂದಳು. ದೊಡ್ಡಪ್ಪ ಕಿವಿಗೊಟ್ಟು ನೋಡಿ, "ಹಸಿ ಐತೆ ಕಣವ್ವ. ಬ್ಯಾಡ" ಎಂದ. ನಾನಾದರೂ ಗಟ್ಟಿಯಾಗಿ ಹೊರಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಗಿರಿಜೆಯೂ ಕೇಳಿದಳು. ನಿಜ ಹೇಳುತ್ತೇನೆ, ನನಗೆ ಹೆದರಿಕೆ. ಒಳಗೆ ಟಿಕ್ ಎನ್ನುತ್ತಿರುವುದು ಏನೆಂದು ಗೊತ್ತಾಗುವುದಕ್ಕಿಂತ ಗೊತ್ತಾಗದಿರುವುದೇ ವಾಸಿ ಎನಿಸಿತ್ತು. ದೊಡ್ಡಪ್ಪನ ಹಟ ನನ್ನ ಪುಕ್ಕಲುತನಕ್ಕೆ ಒಳ್ಳೆಯ ಹೊದಿಕೆಯಾಯಿತು.

ಒಂದು ಭಾನುವಾರ ಬಾಷಾ ಸೈಕಲ್ ತುಳಿದುಕೊಂಡು ಬಂದ. ಪುಣ್ಯಾತ್ಮ, ಅವನೊಬ್ಬ ನನ್ನ ಕೈ ಅಲ್ಲಾಡಿಸಲಿಲ್ಲ. "ಜಿಲ್ಲಾ ಮ್ಯಾಚ್ ಹತ್ರ ಬಂತು ಮೇಷ್ಟ್ರೇ. ನಿಮ್ಮ ಜಾಗಕ್ಕೆ ಒಬ್ಬನ್ನ ಹಾಕೌರೆ. ನಾನು ಎತ್ತಿ ಕೊಡ್ತೀನಿ, ಅವನು ಚೆಂಡಿಗೆ ಸಲಾಮ್ ಹೊಡೀತಾನೆ, ಅಷ್ಟೇ" ಎಂದ. ಆಮೇಲೆ ಗೋಡೆಯ ಮೇಲಿನ ಫೋಟೊ ನೋಡಿದ. ನನ್ನ ಕೈ ನೋಡಿದ. ಮತ್ತೆ ಫೋಟೊ ನೋಡಿದ. "ಬಿಲ್ಕುಲ್ ಒಂದೇ ಕೈ ಕಣ್ರೀ ಇದು" ಎಂದು ಪಿಸುಗುಟ್ಟಿ, ಕಾಫಿಯನ್ನೂ ಪೂರ್ತಿ ಕುಡಿಯದೆ ಹೊರಟುಹೋದ.

ಗಿರಿಜೆ ಲೋಟ ಎತ್ತಿಕೊಂಡು ಹೋಗುತ್ತಾ ಫೋಟೊದ ಮುಂದೆ ನಿಂತಳು. "ರೀ, ನಾನು ಮದುವೆಯಾಗಿದ್ದು ನಿಮ್ಮನ್ನ. ಇವರನ್ನಲ್ಲ" ಎಂದಳು. ನನಗೆ ಅಳು ಬಂತು. ಕಣ್ಣೊರೆಸಿಕೊಳ್ಳೋಣ ಎಂದರೆ ಬಲಗೈ ಏಳಲಿಲ್ಲ.

ಮರುದಿನ ಸಂಜೆ ದೊಡ್ಡಪ್ಪ ಎಂದಿನಂತೆ ಟವೆಲ್ಲು ತೆಗೆದು ಕಿವಿ ಕೊಟ್ಟ. ಅಲ್ಲಾಡಿಸಿದ.

ಗಿಟಕ್.

ದೊಡ್ಡಪ್ಪನ ಕಣ್ಣು ತೆರೆಯಿತು. ಇನ್ನೊಮ್ಮೆ ಅಲ್ಲಾಡಿಸಿದ. ಗಿಟಕ್, ಗಿಟಕ್. "ಆಗೈತೆ ಕಣ್ಲಾ! ಎಂಥಾ ಗಿಟುಕ್ಲಾ ಇದು, ಬೆಳ್ಳಿ ಇದ್ದಂಗೈತೆ!" ಎಂದು ಮೇಲೆದ್ದ. ಗಿರಿಜೆಗೆ ಸಕ್ಕರೆ ಹಂಚಲು ಹೇಳಿದ. ಪಕ್ಕದ ಮನೆಯವರು ಬಂದರು, ಕೇಳಿದರು, ತಲೆದೂಗಿದರು. ನನಗೆ ಮಾತ್ರ ಡಾಕ್ಟರ ಮಾತು ನೆನಪಾಯಿತು. ಮುಗಿಯಿತು. ಚೂರು ಕದಲಿದೆ. ಎಲ್ಲರೂ ನನ್ನ ಬಾಯಿಗೆ ಸಕ್ಕರೆ ಹಾಕುತ್ತಿದ್ದಾರೆ, ನನಗೆ ಕತ್ತರಿಯ ರುಚಿ ಬರುತ್ತಿದೆ. ಅಜ್ಜನ ಕಡೆ ನೋಡಲು ಧೈರ್ಯ ಬರಲಿಲ್ಲ.

ಬೆಳಗಿನ ಬಸ್ಸಿಗೇ ಮೂವರೂ ತಿಪಟೂರಿಗೆ ಹೋದೆವು. ಡಾಕ್ಟರು ತಡಮಾಡಿದ್ದಕ್ಕೆ ಚೆನ್ನಾಗಿ ಬೈದರು. ಸದ್ದಿನ ವಿಷಯ ಹೇಳಿದೆ. ಅವರ ಮುಖ ಗಂಭೀರವಾಯಿತು. ದೊಡ್ಡ ಕತ್ತರಿಯಿಂದ ಪ್ಲಾಸ್ಟರನ್ನು ಉದ್ದಕ್ಕೆ ಕತ್ತರಿಸಿ, ತೆಂಗಿನಕಾಯಿಯ ಮಟ್ಟೆ ಬಿಡಿಸಿದ ಹಾಗೆ ಎರಡು ಕಡೆಗೂ ಬಿಡಿಸಿದರು. ಒಳಗಿಂದ ಏನೋ ಪುಟಿದು ಟೇಬಲ್ಲಿನ ಮೇಲೆ ಬಿತ್ತು. ಹುಣಸೆ ಬೀಜ.

ಎಲ್ಲರೂ ಅದನ್ನೇ ನೋಡಿದೆವು. ಗಿರಿಜೆ ಮಾತ್ರ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು. ಕೈ ಬಡಕಲಾಗಿ ಪ್ಲಾಸ್ಟರಿನೊಳಗೆ ಸಂದು ಬಿದ್ದಿತ್ತು, ಬೀಜ ತೂರಿಸುವುದು ಕಷ್ಟವೇನಲ್ಲ. ದೊಡ್ಡಪ್ಪ ಬೀಜವನ್ನು ನೋಡಿದ, ಸೊಸೆಯನ್ನು ನೋಡಿದ, "ಆಯ್ತು ಬುಡವ್ವ" ಎಂದು ಹೊರಗೆ ಹೋಗಿ ಜಗಲಿಯ ಮೇಲೆ ಕೂತ. ಹೊಸ ಎಕ್ಸ್‌ರೇಯಲ್ಲಿ ಬಿರುಕು ಕೂಡಿಕೊಂಡಿತ್ತು, ಚೂರು ಎಲ್ಲಿತ್ತೋ ಅಲ್ಲೇ ಇತ್ತು. "ಇನ್ನೊಂದಷ್ಟು ದಿನ ಬಿಟ್ಟಿದ್ರೆ ಕೀಲು ಕಚ್ಚಿಕೊಳ್ತಿತ್ತು. ಈಗಲೂ ಪರವಾಗಿಲ್ಲ, ನಿಧಾನಕ್ಕೆ ಬಿಡಿಸು" ಎಂದರು ಡಾಕ್ಟರು. ನಾನು ಕೈ ನೋಡಿಕೊಂಡೆ. ಸಣ್ಣಗೆ, ಬಿಳಿಚಿಕೊಂಡು, ಮೇಲೆಲ್ಲ ಉದ್ದ ಕೂದಲು. ನನ್ನ ಭುಜಕ್ಕೆ ಯಾರದೋ ಮುದುಕರ ಕೈ ಜೋಡಿಸಿದ ಹಾಗಿತ್ತು. ನೆಟ್ಟಗಾಗು ಎಂದೆ. ಸ್ವಲ್ಪ ಯೋಚಿಸಿ, ಒಂಚೂರು ಆಯಿತು. ಗಿರಿಜೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು.

ಹೊರಡುವಾಗ ದೊಡ್ಡಪ್ಪ ಒಳಗೆ ಬಂದು ಆ ಖಾಲಿ ಪ್ಲಾಸ್ಟರ್ ಕೇಳಿದ. "ಇಷ್ಟು ದಿನ ನಮ್ಮ ಹುಡುಗನ ಕೈ ಇದ್ದ ಜಾಗ ಸ್ವಾಮಿ, ಕಸಕ್ಕೆ ಹಾಕಬಾರದು" ಎಂದ. ಎರಡು ಹೋಳನ್ನೂ ಜೋಡಿಸಿ, ತೆಂಗಿನ ನಾರಿನ ಹಗ್ಗದಲ್ಲಿ ಕಟ್ಟಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡ. ಮನುಷ್ಯನಿಲ್ಲದ ಒಂದು ಕೈ ದೊಡ್ಡಪ್ಪನ ತೊಡೆಯ ಮೇಲೆ ಮಡಿಸಿಕೊಂಡು ಕೂತಿರುವುದನ್ನು ನೋಡಿ ಕಂಡಕ್ಟರ್ ನಮ್ಮ ಸೀಟಿನ ಹತ್ತಿರ ಎರಡನೆಯ ಸಲ ಬರಲಿಲ್ಲ. ಮನೆಗೆ ಬಂದವನೇ ದೊಡ್ಡಪ್ಪ ಏಣಿ ಹತ್ತಿ ಅದನ್ನು ಅಟ್ಟದ ಮೂಲೆಯಲ್ಲಿ, ಕಾಯಿಗಳ ನಡುವೆ ಇಟ್ಟ.

ಆಮೇಲಿನದು ಬರಿಯ ಬೆವರಿನ ಕಥೆ. ದಿನವೂ ಬಿಸಿನೀರಿನ ಹಬೆಗೆ ಹಿಡಿದು, ನಾನೇ ಮಡಿಸಿ ನಾನೇ ಬಿಡಿಸಿ, ತುಂಬಿದ ಚೊಂಬು ಎತ್ತಿ, ಕಿರುಚಿಕೊಂಡು, ಗಿರಿಜೆಯ ಮೇಲೆ ರೇಗಿ, ಅವಳಿಂದ ಬೈಸಿಕೊಂಡು, ಕೈ ನೆಟ್ಟಗಾಯಿತು. ಜಿಲ್ಲಾ ಮ್ಯಾಚ್ ತಪ್ಪಿಹೋಯಿತು, ಆದರೆ ಮುಂದಿನ ವರ್ಷ ಅದೇ ನೊಣವಿನಕೆರೆಯಲ್ಲಿ ಬಾಷಾ ನನಗೆ ಚೆಂಡು ಎತ್ತಿದ. ಅದು ಗಾಳಿಯಲ್ಲಿ ನಿಂತು ಕಾಯಿತು. ಹೊಡೆದೆ. ಚೆಂಡು ಎದುರಿನ ಅಂಕಣದಲ್ಲಿ ಬೀಳುವುದಕ್ಕೂ ಮೊದಲು ನನ್ನ ಮೊಣಕೈ ಗಿಟಕ್ ಎಂದಿತು. ಜನವೆಲ್ಲ ತಲೆಯೆತ್ತಿ ಮರಗಳ ಕಡೆ ನೋಡಿದರು. ಬಾಷಾ ಓಡಿಬಂದು ತಬ್ಬಿಕೊಂಡ. ಆಮೇಲೆ ಹೋಗಿ ತೋರಿಸಿದ್ದಕ್ಕೆ, ವಾಸಿಯಾದ ಕೀಲು ಸದ್ದು ಮಾಡುವುದುಂಟು, ನೋವಿಲ್ಲದಿದ್ದರೆ ಹೆದರಬೇಡ ಎಂದರು ಡಾಕ್ಟರು. ನೋವಿರಲಿಲ್ಲ. ಅಂದಿನಿಂದ ಅದು ಹಾಗೇ ಎನ್ನುತ್ತಿದೆ.

ಒಂದು ದಿನ ಸುಮ್ಮನೆ ಗಿರಿಜೆಯನ್ನು ಕೇಳಿದೆ, "ಆ ಬೀಜ ಯಾವಾಗ ಹಾಕಿದ್ದೆ?" "ಬಾಷಾಣ್ಣ ಬಂದು ಹೋದ್ರಲ್ಲ, ಅದರ ಮಾರನೇ ದಿನ ಮಧ್ಯಾಹ್ನ, ನೀವು ನಿದ್ದೆ ಮಾಡ್ತಿದ್ದಾಗ. ಯಾಕ್ರೀ?" ಎಂದಳು. ಹಾಗಾದರೆ ಮೊದಲನೆಯ ವಾರದ ಆ ಟಿಕ್ ಟಿಕ್? ಏನಿಲ್ಲ ಬಿಡು ಎಂದೆ. ಅಜ್ಜನ ಫೋಟೊಕ್ಕೆ ಆ ದಿನ ನಾನೇ ಹೂವಿಟ್ಟೆ.

ದೊಡ್ಡಪ್ಪ ಹೋಗಿ ಈಗ ಕೆಲವು ವರ್ಷಗಳಾದವು. ಅವನ ಕೆಲಸ ನನ್ನ ಪಾಲಿಗೆ ಬಂದಿದೆ. ಮೊನ್ನೆ ಬೆಳಿಗ್ಗೆ ಅಟ್ಟ ಹತ್ತಿ ಕಾಯಿ ನೋಡುತ್ತಿದ್ದೆ. ಕಿವಿಗೆ ಹಿಡಿದು ಅಲ್ಲಾಡಿಸಿದರೆ ಗಿಟಕ್. ಕೆಳಗೆ ಎಸೆದೆ. ಮುಂದಿನದೂ ಗಿಟಕ್. ಅದರ ಮುಂದಿನದೂ. ಎಲ್ಲವೂ ಒಟ್ಟಿಗೇ ಆಗಿವೆಯಲ್ಲ, ಎಂಥ ಕಿವಿಯಪ್ಪ ನನ್ನದು ಎಂದು ಬೀಗುತ್ತಿದ್ದೆ. ಕೆಳಗೆ ಸುಲಿದು ಒಡೆಯುತ್ತಿದ್ದ ಗಿರಿಜೆ ಕೂಗಿದಳು: "ರೀ, ಎಲ್ಲದ್ರಲ್ಲೂ ನೀರಿದೆ ಕಣ್ರೀ! ಅದು ಕಾಯಿ ಸದ್ದಲ್ಲ, ನಿಮ್ಮ ಕೈ ಸದ್ದು. ಎಡಗೈಲಿ ಹಿಡಿದು ನೋಡ್ರೀ!"

ಎಡಗೈಯಲ್ಲಿ ಹಿಡಿದೆ. ಗಿಟಕ್ ಇಲ್ಲ, ಬರಿಯ ನೀರಿನ ಕುಲುಕು. ಇನ್ನೊಂದು, ಅದೂ ಅಷ್ಟೇ. ನಾಚಿಕೆಯಾಯಿತು. ಮೂಲೆಗೆ ಸರಿದಾಗ ಧೂಳು ಮೆತ್ತಿಕೊಂಡ ಆ ಪ್ಲಾಸ್ಟರ್ ಕಾಯಿಗಳ ನಡುವೆ ಸೊಟ್ಟಗೆ ಕೂತಿತ್ತು. ಇಷ್ಟು ವರ್ಷ ಅದನ್ನು ನಾನು ಮುಟ್ಟಿರಲಿಲ್ಲ. ಯಾಕೋ ಎಡಗೈ ತಾನಾಗಿ ಅದನ್ನು ಎತ್ತಿಕೊಂಡು ಕಿವಿಗೆ ಹಿಡಿಯಿತು. ಬಲಗೈ ತೊಡೆಯ ಮೇಲೆ ಸುಮ್ಮನಿತ್ತು, ನಾನು ನೋಡಿಕೊಂಡಿದ್ದೇನೆ. ಅಲ್ಲಾಡಿಸಿದೆ.

ಗಿಟಕ್.

"ಹಾಂ, ಇದು ಸರಿಯಾಗಿ ಕೇಳಿಸ್ತು ನೋಡಿ!" ಎಂದು ಕೆಳಗಿಂದ ಗಿರಿಜೆ ಖುಷಿಯಾಗಿ ಕೂಗಿದಳು. "ಅದು ಆಗಿದೆ. ಕೆಳಕ್ಕೆ ಹಾಕ್ರೀ, ಒಡೀತೀನಿ."

ಒಣಗಿದ ಪ್ಲಾಸ್ಟರಿನ ಪುಡಿಯೋ ಇಲಿ ತಂದಿಟ್ಟ ಕಾಳೋ ಇರಬೇಕು ಎಂದು ಓದಿದವನ ಬುದ್ಧಿ ಹೇಳಿತು. ಬಿಚ್ಚಿ ನೋಡಿದರೆ ಆಯಿತಲ್ಲ, ಎಷ್ಟು ಹೊತ್ತಿನ ಕೆಲಸ? ನಾನು ಅದನ್ನು ಇದ್ದ ಜಾಗದಲ್ಲೇ ಮೆತ್ತಗೆ ಇಟ್ಟು, ಏಣಿಯ ಕಡೆ ಸರಿದು, ಗಂಟಲು ಸರಿಮಾಡಿಕೊಂಡು ಹೇಳಿದೆ:

"ಇನ್ನೂ ನೀರೈತೆ ಕಣೇ."